ಮೊದಲ ಆರು ಸಾವಿರ ಮೀಟರ್: ಯಾವ ಶಿಖರ, ಎಷ್ಟು ದಿನ, ಯಾರ ಜೊತೆ?

ಉತ್ತರಾಖಂಡದ ಕೇದಾರಕಂಠ ಟ್ರೆಕ್ ಮುಗಿಸಿ ಬಂದವರು, ಎವರೆಸ್ಟ್ ಬೇಸ್ ಕ್ಯಾಂಪ್ ನೋಡಿ ಬಂದವರು ಒಂದೆರಡು ತಿಂಗಳಲ್ಲೇ ಫೋನ್ ಮಾಡುತ್ತಾರೆ. "ಟ್ರೆಕ್ ಆಯ್ತು, ಇನ್ನು ಒಂದು ಶಿಖರ ಹತ್ತಬೇಕು. ಯಾವುದಕ್ಕೆ ಹೋಗಲಿ?" ಕೇಳುವಾಗಲೇ ಮನಸ್ಸಿನಲ್ಲಿ ಒಂದು ಸಂಖ್ಯೆ ಕೂತಿರುತ್ತದೆ: 6,000. ಅದಕ್ಕಿಂತ ಕಡಿಮೆ ಎತ್ತರದ್ದು ಹೇಳಿದರೆ ದನಿ ಇಳಿಯುತ್ತದೆ.

ನನಗೂ ಹಾಗೇ ಇತ್ತು. ಮೊದಲ ಸಲ ನಾನು ಶಿಖರ ಆರಿಸಿದ್ದು ಎರಡೇ ವಿಷಯ ನೋಡಿ. ಎತ್ತರ ಜಾಸ್ತಿ ಇರಬೇಕು, ರಜೆ ಕಡಿಮೆ ಸಾಕಾಗಬೇಕು. ಆರು ಸಾವಿರ ದಾಟುವ ಹಿಮಾಚಲದ ಯೂನಮ್, ಏಳೇ ದಿನದ ಪ್ಲಾನ್. ಮನಾಲಿಯಿಂದ ಬೆಳಿಗ್ಗೆ ಹೊರಟ ಗಾಡಿ ಸಂಜೆಗೆ ನಮ್ಮನ್ನು ಶಿಖರದ ಬುಡದ ಭರತ್‌ಪುರದಲ್ಲಿ ಇಳಿಸಿತು. ಆ ರಾತ್ರಿ ಆರು ಜನರಲ್ಲಿ ನಾಲ್ವರಿಗೆ ವಾಂತಿ. ಬೆಳಿಗ್ಗೆ ನನ್ನ ಗೆಳೆಯ ಶೂ ಹಾಕಿಕೊಳ್ಳಲು ಕೂತವನು ಎರಡೂ ಲೇಸ್ ಕೈಯಲ್ಲಿ ಹಿಡಿದುಕೊಂಡು ಸುಮ್ನೆ ನೋಡುತ್ತಾ ಕೂತಿದ್ದ. ಹೇಗೆ ಕಟ್ಟಬೇಕು ಅನ್ನೋದೇ ಹೊಳೆಯುತ್ತಿಲ್ಲ. ಎತ್ತರದಲ್ಲಿ ಮೆದುಳು ಊದಿಕೊಳ್ಳುವ ಕಾಯಿಲೆ ಹೀಗೇ ಶುರುವಾಗೋದು. ನಮಗೆ ಅದು ಗೊತ್ತಿರಲಿಲ್ಲ. ಅಡುಗೆಯವನಿಗೆ ಗೊತ್ತಿತ್ತು. ಅವನೇ ಗಲಾಟೆ ಮಾಡಿ ಗಾಡಿ ಹತ್ತಿಸಿ ಕಳಿಸಿದ. ಕೆಳಗಿನ ಕೇಲಾಂಗ್ ಊರು ತಲುಪುವ ಹೊತ್ತಿಗೆ ಗೆಳೆಯ ಸರಿಯಾಗಿ ಮಾತಾಡುತ್ತಿದ್ದ.

ಅವತ್ತಿನಿಂದ ನನ್ನ ಲೆಕ್ಕ ತಿರುಗಿತು. ಈಗ ಎತ್ತರವನ್ನು ಕೊನೆಗೆ ನೋಡುತ್ತೇನೆ. ಮೊದಲು ನೋಡೋದು, 3,000 ಮೀಟರ್ ದಾಟಿದ ಮೇಲೆ ಸಮಿಟ್ ದಿನಕ್ಕೆ, ಅಂದರೆ ಶಿಖರದ ತುದಿಗೆ ಹತ್ತುವ ದಿನಕ್ಕೆ, ಮುಂಚೆ ಎಷ್ಟು ರಾತ್ರಿ ಮಲಗುತ್ತೇವೆ ಅನ್ನೋದು.

ರಾತ್ರಿಗಳ ಲೆಕ್ಕ

5,500 ಮೀಟರಿನ ಹತ್ತಿರ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧ. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅರ್ಧ. ಮೈ ಇದಕ್ಕೆ ಒಗ್ಗುತ್ತದೆ, ಆದರೆ ತನ್ನದೇ ವೇಗದಲ್ಲಿ. ದಿನಕ್ಕೆ ಹತ್ತು ಕಿಲೋಮೀಟರ್ ಓಡುವವನಿಗೂ ಓಡದವನಿಗೂ ಇದರಲ್ಲಿ ವ್ಯತ್ಯಾಸವಿಲ್ಲ. ಎಷ್ಟೋ ಸಲ ಓಟಗಾರರೇ ಮೊದಲು ಬೀಳುತ್ತಾರೆ, ಯಾಕೆಂದರೆ ಅವರು ಬೇಗ ಬೇಗ ಮೇಲೆ ಹೋಗಿಬಿಡುತ್ತಾರೆ.

ವೈದ್ಯರು ಹೇಳುವ ನಿಯಮ ಸರಳ. 3,000 ಮೀಟರ್ ಆದ ಮೇಲೆ ಮಲಗುವ ಜಾಗ ದಿನಕ್ಕೆ 300ರಿಂದ 500 ಮೀಟರಿಗಿಂತ ಜಾಸ್ತಿ ಮೇಲೇರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ಉಳಿಯಬೇಕು. ಹಗಲು ಎಷ್ಟು ಹತ್ತಿದರೂ ಪರವಾಗಿಲ್ಲ, ರಾತ್ರಿ ಇಳಿದು ಮಲಗಬೇಕು.

ಇದನ್ನು ಕಾಗದದ ಮೇಲೆ ಹಾಕಿ ನೋಡಿ. ಬೇಸ್ ಕ್ಯಾಂಪ್ 5,100 ಮೀಟರಿನಲ್ಲಿದ್ದರೆ 3,000ದಿಂದ ಅಲ್ಲಿಗೆ ಐದರಿಂದ ಏಳು ರಾತ್ರಿ. ಅದಕ್ಕೆ ಒಂದೋ ಎರಡೋ ವಿಶ್ರಾಂತಿ ದಿನ ಸೇರಿಸಿ. ಆಮೇಲೆ ಕೆಟ್ಟ ಹವಾಮಾನಕ್ಕೆ ಅಂತ ಒಂದು ಬಫರ್ ದಿನ. ಯಾವುದೇ ಕಂಪನಿಯ ಪ್ಲಾನ್ ಇದಕ್ಕಿಂತ ತುಂಬಾ ಚಿಕ್ಕದಿದ್ದರೆ, ಉಳಿಸಿದ ಆ ದಿನಗಳನ್ನು ನಿಮ್ಮ ಮೈಯಿಂದ ಕಡ ತಂದಿದ್ದಾರೆ ಅಂತಲೇ ಅರ್ಥ.

ಈ ಲೆಕ್ಕ ಕೈಯಲ್ಲಿಟ್ಟುಕೊಂಡು ಒಂದೊಂದೇ ಶಿಖರ ನೋಡೋಣ.

ಫ್ರೆಂಡ್‌ಶಿಪ್ ಪೀಕ್, 5,289 ಮೀಟರ್

ಮನಾಲಿ ಪಕ್ಕದ ಸೋಲಾಂಗ್ ಕಣಿವೆಯಿಂದ ಶುರು. ಆರು ಸಾವಿರ ಅಲ್ಲ ಅನ್ನೋ ಒಂದೇ ಕಾರಣಕ್ಕೆ ಜನ ಇದನ್ನು ಬದಿಗೆ ಸರಿಸುತ್ತಾರೆ. ನನಗೆ ಅದು ಬೇಸರದ ವಿಷಯ. ಹಿಮದ ಮೇಲೆ ನಡೆಯೋದು, ಐಸ್ ಆಕ್ಸ್ ಹಿಡಿಯೋದು, ಜಾರಿದರೆ ಕೊಡಲಿಯಿಂದ ತಡೆದುಕೊಳ್ಳೋದು, ಹಗ್ಗದಲ್ಲಿ ಸಾಲಾಗಿ ನಡೆಯೋದು ಎಲ್ಲವನ್ನೂ ಇಲ್ಲಿ ಕಲಿಯಬಹುದು. ಮೇ, ಜೂನ್‌ನಲ್ಲಿ ಹೋದರೆ ಕಾಲಿಟ್ಟಲ್ಲೆಲ್ಲ ಹಿಮ.

ಮುಖ್ಯ ಮಾತೆಂದರೆ ಕ್ಯಾಂಪ್‌ಗಳು ನಾಲ್ಕು ಸಾವಿರ ಮೀಟರಿನ ಆಸುಪಾಸಿನಲ್ಲೇ ಇವೆ. ಹಾಗಾಗಿ ಎಂಟು ಒಂಬತ್ತು ದಿನದ ಪ್ಲಾನ್ ಇಲ್ಲಿ ಪ್ರಾಮಾಣಿಕವಾದ ಪ್ಲಾನ್. ಖರ್ಚೂ ಈ ಪಟ್ಟಿಯಲ್ಲೇ ಕಡಿಮೆ. ಕಷ್ಟ ಇರೋದು ಸಮಿಟ್ ದಿನದಲ್ಲಿ. ಕ್ಯಾಂಪ್ ಕೆಳಗಿರುವುದರಿಂದ ಒಂದೇ ದಿನ ಸಾವಿರ ಮೀಟರಿಗೂ ಜಾಸ್ತಿ ಹತ್ತಬೇಕು. ಬಿಸಿಲೇರಿದ ಮೇಲೆ ಹಿಮ ಮೆತ್ತಗಾಗಿ ಮೊಣಕಾಲಿನ ತನಕ ಹೂತುಕೊಳ್ಳುತ್ತದೆ. ಹಿಮದಡಿ ಬಿರುಕುಗಳೂ ಇವೆ. ಸುಲಭ ಅಂತ ಹಗ್ಗವಿಲ್ಲದೆ ಕರೆದೊಯ್ಯುವವರ ಜೊತೆ ಹೋಗಬೇಡಿ.

ಯೂನಮ್, 6,100 ಮೀಟರಿನ ಮೇಲೆ

ನಾನು ಸೋತ ಜಾಗ. ಮನಾಲಿ ಲೇಹ್ ರಸ್ತೆಯಲ್ಲಿ ಬಾರಾಲಾಚಾ ಘಾಟಿ ದಾಟಿದ ಕೂಡಲೇ ಭರತ್‌ಪುರ. ಅಲ್ಲಿಂದ ಕಾಣುವ ಶಿಖರ ಎಷ್ಟು ಸೌಮ್ಯ ಅಂದರೆ ಮಧ್ಯಾಹ್ನ ಹತ್ತಿ ಬಂದುಬಿಡಬಹುದು ಅನ್ನಿಸುತ್ತದೆ. ದೂರದ ಬೆಟ್ಟ ನುಣ್ಣಗೆ ಅನ್ನೋ ಗಾದೆ ಇಲ್ಲಿ ಅಕ್ಷರಶಃ ನಿಜ. ಹತ್ತಿರ ಹೋದರೆ ಇಡೀ ಮೈ ಸಡಿಲ ಕಲ್ಲು. ಎರಡು ಹೆಜ್ಜೆ ಮೇಲಿಟ್ಟರೆ ಒಂದು ಹೆಜ್ಜೆ ಕೆಳಗೆ ಜಾರುತ್ತದೆ.

ತಾಂತ್ರಿಕವಾಗಿ ಕಷ್ಟವಿಲ್ಲ. ಅಪಾಯ ಇರೋದು ರಸ್ತೆಯಲ್ಲಿ. ಮನಾಲಿ ಇರೋದು 2,050 ಮೀಟರ್ ಎತ್ತರದಲ್ಲಿ. 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಹತ್ತುವ ಹೊತ್ತೂ ಉಳಿಯಿತು. ಒಂದೇ ದಿನದಲ್ಲಿ 4,600 ಮೀಟರಿಗೂ ಮೇಲೆ ತಂದು ಮಲಗಿಸುವುದು ಗಾಡಿಗೆ ಏನೂ ಅಲ್ಲ. ಮೈಗೆ ಅದು ವಿಷ. ಇನ್ನೊಂದು ವಿಷಯವನ್ನು ನಾವು ಆ ಬೆಳಿಗ್ಗೆ ಕಲಿತೆವು. ಭರತ್‌ಪುರದಲ್ಲಿ ಯಾರಿಗಾದರೂ ಕಾಯಿಲೆಯಾದರೆ ಕೇಲಾಂಗ್ ಇರುವ ಲಾಹೌಲ್ ಕಡೆಗೆ ಇಳಿಯಲು ಮೊದಲು ಮೇಲೆ ಹೋಗಿ ಬಾರಾಲಾಚಾ ದಾಟಬೇಕು. ಅದು 4,900 ಮೀಟರಿನ ಹತ್ತಿರ.

ಯೂನಮ್‌ಗೇ ಹೋಗಬೇಕು ಅಂದರೆ ಕೇಲಾಂಗ್ ಅಥವಾ ಜಿಸ್ಪಾದಲ್ಲಿ ಎರಡು ರಾತ್ರಿ, ಮಧ್ಯೆ ಇನ್ನೊಂದು ಕಡೆ ನಿಲುಗಡೆ, ಭರತ್‌ಪುರದಲ್ಲಿ ಎರಡು ಮೂರು ರಾತ್ರಿ ಇರುವ ಪ್ಲಾನ್ ಹುಡುಕಿ. ಏಳು ದಿನದ್ದು ಕಣ್ಣಿಗೆ ಬಿದ್ದರೆ ಪುಟ ಮುಚ್ಚಿಬಿಡಿ.

ಕಾಂಗ್ ಯಾತ್ಸೆ-2, ಸುಮಾರು 6,250 ಮೀಟರ್

ಮೊದಲು ಎಲ್ಲರೂ ಸ್ಟೋಕ್ ಕಾಂಗ್ರಿಗೆ ಹೋಗುತ್ತಿದ್ದರು. ಲೇಹ್ ಪಕ್ಕದಲ್ಲೇ ಇದ್ದ ಆ ಶಿಖರದ ಮೇಲೆ ಜನಜಂಗುಳಿ ಆಗಿ, ಕೆಳಗಿನ ಊರಿನ ನೀರು ಕೆಡುತ್ತಿದೆ ಅಂತ 2020ರಲ್ಲಿ ಮುಚ್ಚಿದರು. ಅಲ್ಲಿಗೆ ಹೋಗುತ್ತಿದ್ದವರು ಕಾಂಗ್ ಯಾತ್ಸೆ ಇರುವ ಮಾರ್ಖಾ ಕಣಿವೆಯ ಕಡೆ ತಿರುಗಿದರು.

ನನ್ನ ಮೊದಲ ಆರು ಸಾವಿರ ಇದೇ. ಇದನ್ನು ನಾನು ಇಷ್ಟಪಡುವುದಕ್ಕೆ ಕಾರಣ ಶಿಖರಕ್ಕಿಂತ ದಾರಿ. ಲೇಹ್‌ನಲ್ಲಿ 3,500 ಮೀಟರ್. ದಿಲ್ಲಿಯಿಂದ ಒಂದೂವರೆ ಗಂಟೆಯಲ್ಲಿ ವಿಮಾನ ಅಲ್ಲಿಗೆ ತಂದು ಹಾಕುವುದರಿಂದ ಮೊದಲ ಎರಡು ಮೂರು ದಿನ ಏನೂ ಮಾಡಬಾರದು. ಆಮೇಲೆ ಸ್ಕಿಯು, ಮಾರ್ಖಾ, ಹಂಕರ್ ಊರುಗಳ ಮೂಲಕ ಬಾರ್ಲಿ ಹೊಲಗಳ ಪಕ್ಕ ನಡೆಯುತ್ತಾ ದಿನ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಏರುತ್ತೀರಿ. ಯಾರೋ ಅಳತೆ ಮಾಡಿ ಮೆಟ್ಟಿಲು ಕಟ್ಟಿಟ್ಟ ಹಾಗಿದೆ ಆ ಕಣಿವೆ. ನಿಮಾಲಿಂಗ್ ತಲುಪುವಾಗ 4,700ರ ಮೇಲೆ, ಬೇಸ್ ಕ್ಯಾಂಪ್ 5,100ರ ಹತ್ತಿರ.

ಇದರಲ್ಲೂ ಅಡ್ಡದಾರಿ ಇದೆ. ಶಾಂಗ್ ಸುಮ್ದೋ ಕಡೆಯಿಂದ ಕೊಂಗ್ಮಾರು ಲಾ ಎಂಬ ಘಾಟಿ ಹತ್ತಿ ಎರಡೇ ದಿನದಲ್ಲಿ ನಿಮಾಲಿಂಗ್‌ಗೆ ಇಳಿಸುವ ಪ್ಲಾನ್‌ಗಳಿವೆ. ಬೆಲೆ ಕಡಿಮೆ, ರಜೆ ಕಡಿಮೆ. ಆದರೆ ಈ ಶಿಖರವನ್ನು ಆರಿಸಲು ಇದ್ದ ಒಳ್ಳೆಯ ಕಾರಣವನ್ನೇ ಅದು ತೆಗೆದುಹಾಕುತ್ತದೆ. ಮಾರ್ಖಾ ಮೂಲಕ ಹತ್ತಿ, ಇಳಿಯುವಾಗ ಬೇಕಾದರೆ ಕೊಂಗ್ಮಾರು ಲಾ ಕಡೆ ಬನ್ನಿ.

ಸಮಿಟ್ ದಿನ ಉದ್ದ. ರಾತ್ರಿ ಹನ್ನೊಂದಕ್ಕೆ ಎದ್ದು ಹೊರಡಬೇಕು. 1,150 ಮೀಟರ್ ಏರು. ಮೈಸೂರಿನ ಕಡೆಯವರಿಗೆ ಹೇಳುವುದಾದರೆ ಚಾಮುಂಡಿ ಬೆಟ್ಟವನ್ನು ಬುಡದಿಂದ ಸುಮಾರು ನಾಲ್ಕು ಸಲ ಹತ್ತಿದಷ್ಟು, ಅದೂ ಅರ್ಧ ಉಸಿರಿನಲ್ಲಿ. ಮೇಲಿನ ಭಾಗದಲ್ಲಿ ಹಿಮದ ಇಳಿಜಾರು ಕಡಿದಾಗುತ್ತದೆ. ಆಗಸ್ಟ್ ಕೊನೆಗೆ ಕೆಲವು ಕಡೆ ಹಿಮ ಗಟ್ಟಿ ಐಸ್ ಆಗಿರುತ್ತದೆ, ಬೂಟಿನಡಿ ಕಟ್ಟುವ ಕಬ್ಬಿಣದ ಮುಳ್ಳು, ಅಂದರೆ ಕ್ರ್ಯಾಂಪಾನ್ ಮೇಲೆ ನಂಬಿಕೆ ಇರಬೇಕು. ಪಕ್ಕದ ಕಾಂಗ್ ಯಾತ್ಸೆ-1 ಬೇರೆಯೇ ಶಿಖರ, ಅದು ನುರಿತವರಿಗೆ. ಬುಕ್ ಮಾಡುವಾಗ ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ.

ಮೇರಾ ಮತ್ತು ಐಲ್ಯಾಂಡ್ ಪೀಕ್

ನೇಪಾಳದ ಈ ಎರಡನ್ನು ಜನ ಯಾವಾಗಲೂ ಜೋಡಿಯಾಗಿ ಕೇಳುತ್ತಾರೆ. ಎರಡೂ ಬೇರೆ ಬೇರೆ ಸ್ವಭಾವದವು.

ಮೇರಾ 6,476 ಮೀಟರ್. ಈ ಪಟ್ಟಿಯಲ್ಲೇ ಎತ್ತರದ್ದು. ಆದರೂ ಹತ್ತಲು ಬೇಕಾದ ಕೈಚಳಕ ಐಲ್ಯಾಂಡ್‌ಗಿಂತ ಕಡಿಮೆ. ಅಗಲವಾದ ಹಿಮನದಿಯ ಮೇಲೆ ಹಗ್ಗ ಕಟ್ಟಿಕೊಂಡು ಉದ್ದಕ್ಕೂ ನಡೆಯೋದು, ಕೊನೆಯ ಗುಡ್ಡದ ಹತ್ತಿರ ಮಾತ್ರ ಸ್ವಲ್ಪ ಕಡಿದು. ಶಿಖರದ ಬುಡದ ಊರು ಖಾರೆಯಲ್ಲಿ 5,000 ಮೀಟರಿನ ಹತ್ತಿರ ಎರಡು ಮೂರು ರಾತ್ರಿ, ಆಮೇಲೆ 5,800ರಲ್ಲಿ ಹೈ ಕ್ಯಾಂಪ್. ಹಾಗಾಗಿ ಸಮಿಟ್ ದಿನ ಏರಬೇಕಾದ್ದು ಏಳುನೂರು ಮೀಟರಿನಷ್ಟೇ. ಬೆಳಕು ಹರಿಯುವಾಗ ಎವರೆಸ್ಟ್, ಲ್ಹೋತ್ಸೆ, ಮಕಾಲು, ಚೋ ಓಯು, ಕಾಂಚನಜುಂಗಾ ಐದೂ ಒಟ್ಟಿಗೆ ಕಾಣುತ್ತವೆ. ನಾನು ಅಲ್ಲಿ ನಿಂತು ಅತ್ತಿದ್ದೇನೆ. ಆದರೆ ಚಳಿ ಕ್ರೂರ, 5,800ರಲ್ಲಿ ನಿದ್ದೆ ಅನ್ನೋದು ಬರುವುದಿಲ್ಲ, ಮತ್ತು ಹದಿನಾರರಿಂದ ಹದಿನೆಂಟು ದಿನ ಬೇಕು.

ಐಲ್ಯಾಂಡ್ ಪೀಕ್ 6,160 ಮೀಟರಿನ ಆಸುಪಾಸು. ಸುತ್ತಲೂ ಹಿಮನದಿ, ನಡುವೆ ದ್ವೀಪದ ಹಾಗೆ ಎದ್ದು ನಿಂತದ್ದಕ್ಕೆ 1950ರ ದಶಕದಲ್ಲಿ ಬಂದ ಬ್ರಿಟಿಷ್ ಪರ್ವತಾರೋಹಿಗಳು ಇಟ್ಟ ಹೆಸರು. ಮೈ ಒಗ್ಗಿಸುವ ದಾರಿ ಇದಕ್ಕಿಂತ ಚೆನ್ನಾಗಿ ಇರಲಾರದು: ಲುಕ್ಲಾ 2,860, ನಾಮ್ಚೆ 3,440, ದಿಂಗ್‌ಬೋಚೆ 4,410, ಮಧ್ಯೆ ಎವರೆಸ್ಟ್ ಬೇಸ್ ಕ್ಯಾಂಪಿನ 5,364 ನೋಡಿಕೊಂಡು ಶಿಖರದ ಬುಡದ ಊರು ಚುಕುಂಗ್‌ಗೆ ಬರುತ್ತೀರಿ. ಆದರೆ ಸಮಿಟ್ ದಿನ ಬಿರುಕುಗಳ ಮೇಲೆ ಅಲ್ಯೂಮಿನಿಯಂ ಏಣಿ ದಾಟಬೇಕು. ಆಮೇಲೆ ಕಡಿದಾದ ಐಸ್ ಗೋಡೆಯನ್ನು ಮೊದಲೇ ಕಟ್ಟಿಟ್ಟ ಫಿಕ್ಸ್ಡ್ ರೋಪ್‌ಗೆ ಜುಮಾರ್ (ಹಗ್ಗದ ಮೇಲೆ ಮೇಲ್ಮುಖವಾಗಿ ಮಾತ್ರ ಸರಿಯುವ ಹಿಡಿ) ಹಾಕಿ ಏರಬೇಕು, ಅದೇ ಹಗ್ಗದಲ್ಲಿ ಇಳಿಯಬೇಕು. ಚುಕುಂಗ್ ಹತ್ತಿರ ಅರ್ಧ ದಿನ ಕಲಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅಷ್ಟು ಸಾಲದು. ಕತ್ತಲಲ್ಲಿ, ದಪ್ಪ ಗ್ಲೌಸ್ ಹಾಕಿಕೊಂಡು, ಹಿಂದೆ ಇಪ್ಪತ್ತು ಜನ ಕಾಯುತ್ತಿರುವಾಗ ಗಂಟಿನ ಹತ್ತಿರ ಜುಮಾರ್ ಬಿಚ್ಚಿ ಮತ್ತೆ ಹಾಕುವುದು ಕೈಗೆ ಅಭ್ಯಾಸವಾಗಿರಬೇಕು.

ನೇಪಾಳಕ್ಕೆ ನಮಗೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವಾಗ ಆಧಾರ್ ತೋರಿಸಿದರೆ ಒಪ್ಪುವುದಿಲ್ಲ. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಇಟ್ಟುಕೊಳ್ಳಿ. ಜನ ಜಾಸ್ತಿ ಇರುವ ತಿಂಗಳುಗಳಲ್ಲಿ ಲುಕ್ಲಾ ವಿಮಾನಗಳು ಕಾಠ್ಮಂಡುವಿನಿಂದಲ್ಲ, ರಾಮೇಛಾಪ್‌ನಿಂದ ಹಾರುತ್ತವೆ. ನಡುರಾತ್ರಿ ಎದ್ದು ನಾಲ್ಕೈದು ಗಂಟೆ ರಸ್ತೆ ಪ್ರಯಾಣ. ಮೋಡ ಕವಿದರೆ ವಿಮಾನವೇ ಇಲ್ಲ. ಊರಿಗೆ ಮರಳುವ ಟಿಕೆಟ್ಟಿಗೂ ಲುಕ್ಲಾ ದಿನಕ್ಕೂ ಮಧ್ಯೆ ಎರಡು ದಿನ ಬಿಡಿ.

ಕಿಲಿಮಂಜಾರೋ (5,895 ಮೀಟರ್) ಬಗ್ಗೆಯೂ ಕೇಳುತ್ತಾರೆ. ಚೆಂದದ ನಡಿಗೆ, ಹಗ್ಗ ಕೊಡಲಿ ಏನೂ ಬೇಡ. ಐದು ದಿನದ ಪ್ಲಾನ್ ಬಿಟ್ಟು ಎಂಟು ದಿನದ ಲೆಮೋಶೋ ದಾರಿ ಹಿಡಿದರೆ ಮೇಲೆ ತಲುಪುವ ಸಾಧ್ಯತೆ ಎಷ್ಟೋ ಜಾಸ್ತಿ. ಆದರೆ ಪರ್ವತಾರೋಹಣ ಕಲಿಯಬೇಕು ಅನ್ನೋರಿಗೆ ಅಷ್ಟು ದುಡ್ಡು ಅಲ್ಲಿ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ.

ಕೋರ್ಸ್ ಮಾಡಬೇಕಾ, ನೇರ ಶಿಖರಕ್ಕೆ ಹೋಗಬೇಕಾ?

ಸುಮಾರು ನಾಲ್ಕು ವಾರ ರಜೆ ಹೊಂದಿಸಲು ಆಗುತ್ತದೆ ಅಂದರೆ ಎರಡನೇ ಮಾತಿಲ್ಲ, ಕೋರ್ಸ್ ಮಾಡಿ. 1954ರಲ್ಲಿ ಶುರುವಾದ ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟನೇರಿಂಗ್ ಇನ್‌ಸ್ಟಿಟ್ಯೂಟ್, 1965ರ ಉತ್ತರಕಾಶಿಯ ನೆಹರೂ ಇನ್‌ಸ್ಟಿಟ್ಯೂಟ್, ಮನಾಲಿ ಮತ್ತು ಪಹಲ್ಗಾಮ್‌ನ ಸಂಸ್ಥೆಗಳು, ಇವೆಲ್ಲ ಸರ್ಕಾರದ್ದು. ಬೇಸಿಕ್ ಕೋರ್ಸ್‌ನಲ್ಲಿ ಊಟ, ವಸತಿ, ಉಪಕರಣ ಎಲ್ಲ ಸೇರಿರುತ್ತದೆ. ಖಾಸಗಿ ಶಿಖರ ಯಾತ್ರೆಗೆ ಹೋಲಿಸಿದರೆ ದಿನದ ಲೆಕ್ಕದಲ್ಲಿ ತುಂಬಾ ಅಗ್ಗ. ಸೀಟು ತಿಂಗಳುಗಟ್ಟಲೆ ಮೊದಲೇ ತುಂಬುತ್ತದೆ, ವಯಸ್ಸಿನ ಮಿತಿಯೂ ಇದೆ, ಮೊದಲೇ ವಿಚಾರಿಸಿ. ಅಲ್ಲಿ ಗುರಿ ಶಿಖರವಲ್ಲ. ಒಂದೇ ಗಂಟನ್ನು ಕಣ್ಣು ಮುಚ್ಚಿ ಹಾಕುವ ತನಕ ಬಿಡುವುದಿಲ್ಲ.

ನಾಲ್ಕು ವಾರ ಸಿಗದವರೇ ಜಾಸ್ತಿ ಅಂತ ಗೊತ್ತು. ಅವರಿಗೆ ಫ್ರೆಂಡ್‌ಶಿಪ್ ಒಂದು ಚಿಕ್ಕ ಶಾಲೆ ಇದ್ದ ಹಾಗೆ.

ಆದರೂ ಕಲಿಕೆ ಒಂದು ರಕ್ಷಾಕವಚ ಅಂತ ತಿಳಿಯಬೇಡಿ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ಡಾಂಡಾ-2ರಲ್ಲಿ ಉತ್ತರಕಾಶಿಯ ತರಬೇತಿ ತಂಡದ ಮೇಲೆ ಹಿಮ ಕುಸಿಯಿತು. 27 ಜನರ ದೇಹ ಸಿಕ್ಕಿತು, ಇಬ್ಬರು ಆಗ ಸಿಗಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಎವರೆಸ್ಟ್ ಮತ್ತು ಮಕಾಲು ಎರಡನ್ನೂ ಹತ್ತಿ ಬಂದಿದ್ದ ತರಬೇತುದಾರ್ತಿ ಸವಿತಾ ಕನ್ಸ್ವಾಲ್ ಅವರೂ ತೀರಿಕೊಂಡವರಲ್ಲಿ ಒಬ್ಬರು.

ಯಾರ ಜೊತೆ

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್‌ಗೆ ಹೋದ ನಮ್ಮ ಕರ್ನಾಟಕದ ತಂಡದ ಒಂಬತ್ತು ಜನ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಅದು ಶಿಖರವೂ ಅಲ್ಲ, ಸರೋವರದ ಟ್ರೆಕ್. ಆ ಸುದ್ದಿ ಬಂದ ದಿನದಿಂದ, ಕಂಪನಿಗೆ ಫೋನ್ ಮಾಡಿ ಪ್ರಶ್ನೆ ಕೇಳಲು ಸಂಕೋಚಪಡುವವರನ್ನು ಕಂಡರೆ ನಾನು ಸುಮ್ಮನಿರುವುದಿಲ್ಲ. ಕೇಳಿ. ದುಡ್ಡು ಕೊಡುತ್ತಿರೋದು ನೀವು, ಜೀವ ನಿಮ್ಮದು.

ಸಮಿಟ್ ದಿನ ಒಬ್ಬ ಗೈಡ್‌ಗೆ ಎಷ್ಟು ಜನ? ಹಿಮದ ಶಿಖರಕ್ಕೆ ಎರಡೋ ಮೂರೋ. ಐದಾರು ಅಂದರೆ, ಒಬ್ಬರಿಗೆ ತಲೆನೋವು ಬಂದ ಕೂಡಲೇ ಏನಾಗುತ್ತದೆ ಯೋಚಿಸಿ. ಗೈಡ್ ಅವರನ್ನು ಇಳಿಸಬೇಕು, ಉಳಿದವರ ಜೊತೆ ಯಾರೂ ಇರುವುದಿಲ್ಲ. ಅಥವಾ ಇಳಿಸುವುದೇ ಇಲ್ಲ. ಎರಡೂ ಕೆಟ್ಟದ್ದೇ.

ಗೈಡ್ ಯಾವ ಕೋರ್ಸ್ ಮಾಡಿದ್ದಾರೆ, ಇದೇ ಶಿಖರಕ್ಕೆ ಎಷ್ಟು ಸಲ ಹೋಗಿದ್ದಾರೆ, ಹಿಂತಿರುಗುವ ಹೊತ್ತು ಯಾವುದು ಅಂತ ಕೇಳಿ. ಬೆಳಿಗ್ಗೆ ಒಂಬತ್ತೋ ಹತ್ತೋ, ಒಂದು ಹೊತ್ತು ಗೊತ್ತುಮಾಡಿರಬೇಕು, ಎಲ್ಲಿದ್ದರೂ ಆಗ ತಿರುಗಬೇಕು. "ಪರಿಸ್ಥಿತಿ ನೋಡಿಕೊಂಡು" ಅನ್ನೋ ಉತ್ತರ ನನಗೆ ಸಮಾಧಾನ ಕೊಡುವುದಿಲ್ಲ. ಬೇಸ್ ಕ್ಯಾಂಪಿನಲ್ಲಿ ಆಕ್ಸಿಜನ್ ಸಿಲಿಂಡರ್ ಇರುತ್ತದಾ? ಸಂಪರ್ಕಕ್ಕೆ ಏನು ವ್ಯವಸ್ಥೆ? ನಮ್ಮ ದೇಶದಲ್ಲಿ ಸರ್ಕಾರದ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಇಟ್ಟುಕೊಳ್ಳುವ ಹಾಗಿಲ್ಲ, ಆದ್ದರಿಂದ ವಾಕಿಟಾಕಿ ಎಲ್ಲಿ ತನಕ ಸಿಗುತ್ತದೆ ಅನ್ನೋದು ದೊಡ್ಡ ವಿಷಯ. ವಿಮೆಯ ಕಾಗದದಲ್ಲಿ ಎತ್ತರದ ಮಿತಿ ಎಷ್ಟು ಬರೆದಿದೆ ನೋಡಿ. ಎಷ್ಟೋ ಪಾಲಿಸಿಗಳು ಹಗ್ಗ, ಕ್ರ್ಯಾಂಪಾನ್ ಬಳಸುವ ಚಟುವಟಿಕೆಯನ್ನೇ ಹೊರಗಿಡುತ್ತವೆ.

ಹೊರಡುವ ಮೊದಲು

ನಾನು ಆರು ತಿಂಗಳು ವಾರಕ್ಕೆ ಮೂರು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಮೊದಲು ಖಾಲಿ ಬೆನ್ನು, ಆಮೇಲೆ ಐದು ಲೀಟರ್ ನೀರು, ಕೊನೆಯ ಎರಡು ತಿಂಗಳು ಹನ್ನೆರಡು ಕೆಜಿ. ದೊಡ್ಡ ನಂದಿಯ ತನಕ ಒಂದೇ ಉಸಿರಿಗೆ ಮಾತಾಡುತ್ತಾ ಹತ್ತಲು ಆಗಬೇಕು, ಅದೇ ಪರೀಕ್ಷೆ. ಇಳಿಯುವುದನ್ನೂ ಅಭ್ಯಾಸ ಮಾಡಿ, ತೊಡೆ ನಡುಗೋದು ಇಳಿಯುವಾಗಲೇ. ತಿಂಗಳಿಗೊಂದು ಉದ್ದದ ದಿನ ಬೇಕು. ಅದಕ್ಕೆ ಕುಕ್ಕೆಯಿಂದ ಕುಮಾರ ಪರ್ವತಕ್ಕಿಂತ ಒಳ್ಳೆಯದು ನಮ್ಮ ಕಡೆ ಇಲ್ಲ. ಸಾವಿರದೈನೂರು ಮೀಟರಿನಷ್ಟು ಏರು.

ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಬಗ್ಗೆ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ, ಸಲ್ಫಾ ಔಷಧಿ ಆಗದವರು ಅದನ್ನು ಮೊದಲೇ ಹೇಳಬೇಕು. ಅದು ಮೈ ಒಗ್ಗಲು ಸಹಾಯ ಮಾಡುತ್ತದೆ. ದಿನ ಕಡಿಮೆ ಮಾಡಲು ಪರವಾನಗಿ ಅಲ್ಲ. ಹುಳುಕು ಹಲ್ಲಿದ್ದರೆ ತುಂಬಿಸಿಕೊಂಡು ಹೋಗಿ, ಎತ್ತರದಲ್ಲಿ ಅದು ಜೀವ ಹಿಂಡುತ್ತದೆ.

ಡಬಲ್ ಬೂಟ್ (ಒಳಗೊಂದು ಹೊರಗೊಂದು ಪದರ ಇರುವ ಬೂಟ್), ಕ್ರ್ಯಾಂಪಾನ್, ಐಸ್ ಆಕ್ಸ್ ಬಾಡಿಗೆಗೆ ಸಾಕು. ಕೊಳ್ಳಬೇಕಾದ್ದು ಗ್ಲೌಸ್, ಕರಿ ಕನ್ನಡಕ, ಹೆಡ್‌ಲ್ಯಾಂಪ್. ಬಾಡಿಗೆ ಬೂಟನ್ನು ಎರಡು ಜೊತೆ ಸಾಕ್ಸ್ ಹಾಕಿ ಲೇಹ್‌ನಲ್ಲೇ ನಡೆದು ನೋಡಿ, ಅದೇ ಬೂಟಿಗೆ ಅದೇ ಕ್ರ್ಯಾಂಪಾನ್ ಸಿಕ್ಕಿಸಿ ಅಳತೆ ಹೊಂದಿಸಿಟ್ಟುಕೊಳ್ಳಿ. ಕಾಂಗ್ ಯಾತ್ಸೆಯಲ್ಲಿ ನನ್ನ ಪಕ್ಕದ ಟೆಂಟಿನವರು ಅದನ್ನು ರಾತ್ರಿ ಹನ್ನೊಂದೂವರೆಗೆ ಮೊದಲ ಸಲ ಮಾಡಿದರು. ಪಟ್ಟಿ ಬಕಲಿನೊಳಗೆ ಹೋಗಲಿಲ್ಲ. ದಪ್ಪ ಗ್ಲೌಸ್ ತೆಗೆದರು, ಒಳಗಿನ ತೆಳುವಾದದ್ದನ್ನೂ ತೆಗೆದರು, ಬರಿ ಬೆರಳಿಗೆ ತಣ್ಣನೆ ಕಬ್ಬಿಣ ಅಂಟಿಕೊಂಡ ಹಾಗಾಯಿತು. ಗೈಡ್ ಬಂದು ಮಂಡಿಯೂರಿ ಕಟ್ಟಿಕೊಟ್ಟ. ಅಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿತ್ತು, ಬೆರಳಿಗೆ ಬಿಸಿ ಮರಳಲು ಇನ್ನೊಂದು ಗಂಟೆ ಹಿಡಿಯಿತು.

ನೀರಿನ ಬಾಟಲಿಯನ್ನು ಉಣ್ಣೆ ಸಾಕ್ಸ್‌ನಲ್ಲಿ ಸುತ್ತಿ ಬ್ಯಾಗಿನೊಳಗೆ ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಹಾಗಿಟ್ಟರೆ ಮುಚ್ಚಳದ ಹತ್ತಿರ ಕುಡಿಯುವ ನೀರು ಉಳಿಯುತ್ತದೆ. ಪೈಪ್ ಇರುವ ನೀರಿನ ಚೀಲ ಬೇಡ, ಪೈಪ್ ಅರ್ಧ ಗಂಟೆಯಲ್ಲಿ ಕಲ್ಲಾಗುತ್ತದೆ.

ಈಗ ನನ್ನನ್ನು ಕೇಳಿದರೆ: ಹತ್ತು ದಿನ ರಜೆ ಇದ್ದವರು ಮೇ ಕೊನೆಗೆ ಫ್ರೆಂಡ್‌ಶಿಪ್. ಹದಿನಾಲ್ಕು ದಿನ ಇದ್ದು, ಹಿಂದೆ ಒಮ್ಮೆ 4,500 ಮೀಟರ್ ದಾಟಿ ಮಲಗಿದ ಅನುಭವ ಇದ್ದವರು ಜುಲೈ ಅಥವಾ ಆಗಸ್ಟ್‌ನಲ್ಲಿ ಮಾರ್ಖಾ ಮೂಲಕ ಕಾಂಗ್ ಯಾತ್ಸೆ-2. ಮೂರು ವಾರ ಇದ್ದರೆ ಅಕ್ಟೋಬರ್‌ನಲ್ಲಿ ಮೇರಾ. ಕೋರ್ಸ್ ಮುಗಿಸಿದವರಿಗೆ ಐಲ್ಯಾಂಡ್. ಒಂದೇ ವಾರ ಇದ್ದರೆ ಈ ವರ್ಷ ಕುಮಾರ ಪರ್ವತ, ಮುಂದಿನ ವರ್ಷಕ್ಕೆ ಈಗಲೇ ರಜೆ ಬರೆದಿಡಿ.